ವಾಕಿಂಗ್ ಸರಿ, ಬಸ್ಕಿ ಎಲ್ಲಿ?

2000ನೇ ಇಸವಿಯಲ್ಲಿ ಭಾರತದ ವಯಸ್ಕರಲ್ಲಿ ನೂರಕ್ಕೆ 22 ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ. 2022ರ ಹೊತ್ತಿಗೆ ಆ ಸಂಖ್ಯೆ 49ಕ್ಕೆ ಏರಿತು. ಇದೇ ದಾರಿಯಲ್ಲಿ ಸಾಗಿದರೆ 2030ರಲ್ಲಿ ಅದು 60 ಮುಟ್ಟಲಿದೆ. ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು ಇತರರ ಜೊತೆ ಸೇರಿ 2024ರ ಜೂನ್‌ನಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಂದಾಜು ಇದು. ಎರಡು ದಶಕಗಳಲ್ಲಿ ಎರಡು ಪಟ್ಟಿಗಿಂತ ಹೆಚ್ಚು ಏರಿಕೆ. ಸಕ್ಕರೆ ಕಾಯಿಲೆ ಇರುವವರು ಹತ್ತು ಕೋಟಿ ದಾಟಿರುವ ದೇಶಕ್ಕೆ ಇದಕ್ಕಿಂತ ಕೆಟ್ಟ ಸುದ್ದಿ ಬೇಕಿಲ್ಲ.

ಆದರೆ ಇದರಲ್ಲಿ ಇನ್ನೂ ಒಂದು ವಿಷಯ ಅಡಗಿದೆ. ಈ ಅಂಕಿ ಲೆಕ್ಕ ಹಾಕಿರುವುದು ನಡಿಗೆ, ಓಟ, ಸೈಕಲ್, ಮೈಮುರಿಯುವ ಕೆಲಸ ಮುಂತಾದ ಏರೋಬಿಕ್ ಚಟುವಟಿಕೆಯನ್ನು ಮಾತ್ರ. ವಯಸ್ಕರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವ ವ್ಯಾಯಾಮ ಎರಡು ಬಗೆಯದು. ಎರಡನೆಯದು ಸ್ನಾಯುಗಳ ಬಲ ಹೆಚ್ಚಿಸುವ ವ್ಯಾಯಾಮ. ಅದನ್ನು ನಮ್ಮಲ್ಲಿ ಎಷ್ಟು ಜನ ಮಾಡುತ್ತಾರೆ ಎಂಬ ಪ್ರಶ್ನೆ ಈ ಲೆಕ್ಕದೊಳಗೆ ಬಂದೇ ಇಲ್ಲ. ವೈದ್ಯರು ಎರಡು ಮಾತ್ರೆ ಬರೆದುಕೊಟ್ಟಾಗ ಒಂದನ್ನಷ್ಟೇ ಕೊಂಡು ತಂದು, ಅದನ್ನೂ ಅರ್ಧ ದಿನ ನುಂಗಲು ಮರೆಯುವವರ ಸ್ಥಿತಿ ನಮ್ಮದು.

ಶಿಫಾರಸು ಏನು?

2020ರ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪರಿಷ್ಕರಿಸಿದ ಮಾರ್ಗಸೂಚಿ ಸರಳವಾಗಿದೆ. 18 ದಾಟಿದ ಪ್ರತಿಯೊಬ್ಬರೂ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ತೀವ್ರತೆಯ ಚಟುವಟಿಕೆ ಮಾಡಬೇಕು, ಇಲ್ಲವೇ 75ರಿಂದ 150 ನಿಮಿಷ ಬಿರುಸಿನದನ್ನು ಮಾಡಬೇಕು. ಇದರ ಜೊತೆಗೆ ವಾರದಲ್ಲಿ ಕನಿಷ್ಠ ಎರಡು ದಿನ ಕಾಲು, ಸೊಂಟ, ಬೆನ್ನು, ಹೊಟ್ಟೆ, ಎದೆ, ಭುಜ, ತೋಳು ಹೀಗೆ ದೊಡ್ಡ ಸ್ನಾಯುಗಳಿಗೆಲ್ಲ ಬಲದ ವ್ಯಾಯಾಮ ಆಗಬೇಕು. 65 ದಾಟಿದವರು ಸಮತೋಲನ ಮತ್ತು ಬಲ ಎರಡನ್ನೂ ಬೆಳೆಸುವ ವ್ಯಾಯಾಮವನ್ನು ವಾರಕ್ಕೆ ಮೂರು ದಿನವಾದರೂ ಸೇರಿಸಿಕೊಳ್ಳಬೇಕು.

ಮಧ್ಯಮ ತೀವ್ರತೆ ಅಂದರೆ ಎಷ್ಟು ಎಂದು ತಿಳಿಯಲು ಯಂತ್ರ ಬೇಡ. ನಡೆಯುವಾಗ ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಎರಡು ಮಾತಾಡುವಷ್ಟರಲ್ಲೇ ಉಸಿರು ಎಳೆದುಕೊಳ್ಳಬೇಕಾಗಿ ಬಂದರೆ ಅದು ಬಿರುಸಿನದು. ಹಳೆಯ ಮಾರ್ಗಸೂಚಿಯಲ್ಲಿ ಒಂದೇ ಸಲಕ್ಕೆ ಕನಿಷ್ಠ 10 ನಿಮಿಷ ಆಗಬೇಕೆಂಬ ಷರತ್ತಿತ್ತು. 2020ರಲ್ಲಿ ಅದನ್ನು ಕೈಬಿಟ್ಟರು. ಬಸ್ ಸ್ಟಾಪಿಗೆ ಬಿರಬಿರನೆ ನಡೆದ ಐದು ನಿಮಿಷವೂ ಈಗ ಲೆಕ್ಕಕ್ಕೆ ಬರುತ್ತದೆ.

ಭಾರತೀಯರಿಗೆ ಇನ್ನೂ ಕಟ್ಟುನಿಟ್ಟಾದ ಸಲಹೆ ಇದಕ್ಕೂ ಮೊದಲೇ ಬಂದಿತ್ತು. 2012ರಲ್ಲಿ ನಮ್ಮ ದೇಶದ ತಜ್ಞರು ಸೇರಿ ರೂಪಿಸಿದ ಒಮ್ಮತದ ಮಾರ್ಗಸೂಚಿ ದಿನಕ್ಕೆ ಒಟ್ಟು 60 ನಿಮಿಷ ಎಂದಿತು. ಅದರಲ್ಲಿ 30 ನಿಮಿಷ ಏರೋಬಿಕ್, 15 ನಿಮಿಷ ಕೆಲಸಕ್ಕೆ ಸಂಬಂಧಿಸಿದ ಓಡಾಟ, ಉಳಿದ 15 ನಿಮಿಷ ಸ್ನಾಯು ಬಲದ ವ್ಯಾಯಾಮ. ಹಾಗಾಗಿ ಬಲದ ವ್ಯಾಯಾಮವನ್ನು ಹೊರಗಿನಿಂದ ಬಂದ ಜಿಮ್ ಸಂಸ್ಕೃತಿ ಎಂದು ತಳ್ಳಿಹಾಕುವಂತಿಲ್ಲ. ನಮ್ಮ ವೈದ್ಯರೇ ನಮ್ಮ ಮೈಕಟ್ಟು ನೋಡಿ ಹೇಳಿದ ಮಾತು ಅದು.

ಎಷ್ಟು ಜನ ಪಾಲಿಸುತ್ತಿದ್ದಾರೆ?

ಮೊದಲು ಏರೋಬಿಕ್ ಲೆಕ್ಕ ನೋಡೋಣ. 2022ರಲ್ಲಿ ಜಗತ್ತಿನ ವಯಸ್ಕರಲ್ಲಿ ಶೇ 31ರಷ್ಟು, ಅಂದರೆ ಸುಮಾರು 180 ಕೋಟಿ ಜನ, ಕನಿಷ್ಠ ಮಟ್ಟವನ್ನೂ ಮುಟ್ಟಿರಲಿಲ್ಲ. 2010ರಲ್ಲಿ ಇದು ಶೇ 26ರ ಆಸುಪಾಸಿನಲ್ಲಿತ್ತು. 2030ರೊಳಗೆ ಈ ಪ್ರಮಾಣವನ್ನು ಶೇ 15ರಷ್ಟು ಇಳಿಸುತ್ತೇವೆಂದು ದೇಶಗಳು ಒಪ್ಪಿಕೊಂಡಿದ್ದವು, ಆಗುತ್ತಿರುವುದು ಏರಿಕೆ. ಆದರೂ 22 ದೇಶಗಳು ಗುರಿ ತಲುಪುವ ದಾರಿಯಲ್ಲಿವೆ ಎಂದು ಅದೇ ಅಧ್ಯಯನ ಹೇಳುತ್ತದೆ. ಇಳಿಸಲು ಸಾಧ್ಯ ಎಂಬುದಕ್ಕೆ ಇದೇ ಪುರಾವೆ.

ಭಾರತದ ಚಿತ್ರ ಬೇರೆ ಬೇರೆ ಸಮೀಕ್ಷೆಗಳಲ್ಲಿ ಬೇರೆ ಬೇರೆಯಾಗಿ ಕಾಣುತ್ತದೆ. ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್ ಮತ್ತು ಚಂಡೀಗಢದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನ ಶೇ 54 ಮಂದಿ ನಿಷ್ಕ್ರಿಯರೆಂದು ಕಂಡಿತು. ಬಿಡುವಿನ ವೇಳೆಯಲ್ಲಿ ಆಟ, ವ್ಯಾಯಾಮಗಳಲ್ಲಿ ತೊಡಗುವವರು ನೂರಕ್ಕೆ ಹತ್ತು ಜನರೂ ಇರಲಿಲ್ಲ. ಬೆಂಗಳೂರಿನಲ್ಲಿರುವ ರಾಷ್ಟ್ರೀಯ ರೋಗ ಮಾಹಿತಿ ಮತ್ತು ಸಂಶೋಧನಾ ಕೇಂದ್ರ 2017-18ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 18ರಿಂದ 69 ವರ್ಷದವರ ಪೈಕಿ ಶೇ 41 ಮಂದಿಗೆ ಚಟುವಟಿಕೆ ಸಾಲದಾಗಿತ್ತು. ಕೇಳಿದ ಪ್ರಶ್ನೆ, ಅಳೆದ ವಿಧಾನ, ಆಯ್ದ ಪ್ರದೇಶ ಬೇರೆಯಾದ್ದರಿಂದ ಈ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಏರಿತು, ಇಳಿಯಿತು ಎನ್ನುವಂತಿಲ್ಲ. ಆದರೆ ಯಾವುದನ್ನು ಹಿಡಿದರೂ ಹತ್ತರಲ್ಲಿ ನಾಲ್ಕೈದು ಮಂದಿ ಹಿಂದೆ ಬಿದ್ದಿದ್ದಾರೆ ಎಂಬುದರಲ್ಲಿ ಅನುಮಾನವಿಲ್ಲ.

ಬಲದ ವ್ಯಾಯಾಮಕ್ಕೆ ಬಂದರೆ ಲೆಕ್ಕ ಇಟ್ಟಿರುವುದು ಹೆಚ್ಚಾಗಿ ಶ್ರೀಮಂತ ದೇಶಗಳು. ಅಮೆರಿಕದ 2020ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಏರೋಬಿಕ್ ಮತ್ತು ಬಲ ಎರಡೂ ಶಿಫಾರಸುಗಳನ್ನು ಪೂರೈಸಿದವರು ಶೇ 24. ಗಂಡಸರಲ್ಲಿ ಶೇ 28, ಹೆಂಗಸರಲ್ಲಿ ಶೇ 20. ವಯಸ್ಸು ಏರಿದಂತೆ ಈ ಸಂಖ್ಯೆ ಕುಸಿಯುತ್ತದೆ: 18ರಿಂದ 34ರ ಗಂಡಸರಲ್ಲಿ ಶೇ 41 ಇದ್ದದ್ದು 65 ದಾಟಿದವರಲ್ಲಿ ಶೇ 15, 65 ದಾಟಿದ ಹೆಂಗಸರಲ್ಲಿ ಬರೀ 11. ಯಾರಿಗೆ ಸ್ನಾಯು ಬಲ ಹೆಚ್ಚು ಬೇಕೋ ಅವರೇ ಅತಿ ಕಡಿಮೆ ಮಾಡುತ್ತಿದ್ದಾರೆ. ಯುರೋಪಿನ 28 ದೇಶಗಳ ಸಮೀಕ್ಷೆಯಲ್ಲಿ ವಾರಕ್ಕೆ ಎರಡು ದಿನ ಬಲದ ವ್ಯಾಯಾಮ ಮಾಡುವವರು ಸುಮಾರು ಶೇ 17. ಐಸ್‌ಲ್ಯಾಂಡ್‌ನಲ್ಲಿ ಅರ್ಧದಷ್ಟು ಜನ ಮಾಡಿದರೆ ರೊಮೇನಿಯಾದಲ್ಲಿ ನೂರಕ್ಕೆ ಒಬ್ಬರೂ ಇಲ್ಲ. ಒಂದೇ ಖಂಡದೊಳಗೆ ಇಷ್ಟು ಅಂತರ ಇರುವುದನ್ನು ನೋಡಿದರೆ ಇದನ್ನು ಜನರ ಸೋಮಾರಿತನದ ಲೆಕ್ಕಕ್ಕೆ ಹಾಕಲಾಗದು. ಅವಕಾಶ, ರೂಢಿ, ಸರ್ಕಾರದ ನೀತಿ ಎಲ್ಲವೂ ಸೇರಿ ಇದನ್ನು ನಿರ್ಧರಿಸುತ್ತವೆ.

ಕೇಳದ ಪ್ರಶ್ನೆ

ಭಾರತದಲ್ಲಿ ಬಲದ ವ್ಯಾಯಾಮದ ಚರ್ಚೆ ಏಕೆ ಆಗುವುದಿಲ್ಲ ಎಂಬುದಕ್ಕೆ ಒಂದು ಕಾರಣ ಸಮೀಕ್ಷೆಯ ನಮೂನೆಯಲ್ಲೇ ಇದೆ. ವಿಶ್ವ ಆರೋಗ್ಯ ಸಂಸ್ಥೆ ಸಿದ್ಧಪಡಿಸಿ ಹಲವು ದೇಶಗಳು ಬಳಸುವ ಪ್ರಶ್ನಾವಳಿ ಮೂರು ಭಾಗವಾಗಿ ಕೇಳುತ್ತದೆ: ಕೆಲಸದಲ್ಲಿ ಎಷ್ಟು ಶ್ರಮ, ಓಡಾಟಕ್ಕೆ ಎಷ್ಟು ನಡಿಗೆ ಮತ್ತು ಸೈಕಲ್, ಬಿಡುವಿನಲ್ಲಿ ಎಷ್ಟು ಆಟ ಮತ್ತು ವ್ಯಾಯಾಮ. ವಾರದಲ್ಲಿ ಎಷ್ಟು ದಿನ ಸ್ನಾಯು ಬಲದ ವ್ಯಾಯಾಮ ಮಾಡಿದಿರಿ ಎಂಬ ಪ್ರಶ್ನೆ ಅದರಲ್ಲಿ ಇಲ್ಲ. ಕೇಳದ ಪ್ರಶ್ನೆಗೆ ಅಂಕಿ ಬರುವುದಿಲ್ಲ, ಅಂಕಿ ಇಲ್ಲದ ವಿಷಯಕ್ಕೆ ಯೋಜನೆ ಬರುವುದಿಲ್ಲ.

ಕೇಳಿ ಪಡೆದ ಉತ್ತರವನ್ನೂ ಪೂರ್ತಿ ನಂಬುವಂತಿಲ್ಲ. ಅಮೆರಿಕದಲ್ಲಿ 2003-04ರಲ್ಲಿ ಜನರ ಸೊಂಟಕ್ಕೆ ಚಲನೆ ಅಳೆಯುವ ಸಾಧನ ಕಟ್ಟಿ ನೋಡಿದಾಗ ಅಂದಿನ ಶಿಫಾರಸು ಪೂರೈಸುವ ವಯಸ್ಕರು ನೂರಕ್ಕೆ ಐದಕ್ಕಿಂತ ಕಡಿಮೆ ಎಂದು ಕಂಡುಬಂತು. ಬಾಯಿ ಮಾತಿನಲ್ಲಿ ಕೇಳಿದಾಗ ಸುಮಾರು ಅರ್ಧದಷ್ಟು ಜನ ಪೂರೈಸುತ್ತಿದ್ದೇವೆ ಎಂದಿದ್ದರು. ಜನ ಸುಳ್ಳು ಹೇಳುತ್ತಾರೆ ಎಂದಲ್ಲ. ಮುಕ್ಕಾಲು ಗಂಟೆಯ ವಾಕಿಂಗಿನಲ್ಲಿ ನಿಂತು ಮಾತಾಡಿದ್ದು, ಕಾಫಿ ಕುಡಿದಿದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಹೀಗಿರುವಾಗ ನಮ್ಮ ಶೇ 49 ಎಂಬ ಸಂಖ್ಯೆಯೂ ಉದಾರವಾದ ಲೆಕ್ಕವೇ ಇರಬಹುದು.

ಸ್ನಾಯು ಬಲವನ್ನು ನೇರವಾಗಿ ಅಳೆಯುವುದು ಕಷ್ಟವೇನಲ್ಲ. 45 ದಾಟಿದವರು ಮತ್ತು ಅವರ ಸಂಗಾತಿಗಳು ಸೇರಿ ಸುಮಾರು 72 ಸಾವಿರ ಜನರನ್ನು ಒಳಗೊಂಡ ಭಾರತದ ವೃದ್ಧಾಪ್ಯ ಅಧ್ಯಯನದಲ್ಲಿ (2017-18) ಕೈಹಿಡಿತದ ಬಲವನ್ನು ಮನೆಬಾಗಿಲಲ್ಲೇ ಅಳೆದರು. ಹಿಡಿಕೆಯನ್ನು ಗಟ್ಟಿಯಾಗಿ ಹಿಸುಕಿದರೆ ಎಷ್ಟು ಕಿಲೋ ಎಂದು ತೋರಿಸುವ ಸಣ್ಣ ಸಾಧನ ಅದು.

ಬಲ ಏಕೆ ಬೇಕು?

ದೇಹ ಆಡಿಸಿದರೆ ಹೃದಯಕ್ಕೆ ಒಳ್ಳೆಯದು ಎಂಬುದಕ್ಕೆ ಹಳೆಯ ಪುರಾವೆ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳಿಂದ ಬಂತು. ಜೆರ್ರಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬರೆದಂತೆ, ದಿನವಿಡೀ ಕುಳಿತೇ ಇರುವ ಚಾಲಕರಿಗಿಂತ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಲ್ಲಿ ಹೃದಯಾಘಾತ ಕಡಿಮೆ ಇತ್ತು. ಅಲ್ಲಿಂದ ಶುರುವಾದ ವಿಜ್ಞಾನ ದಶಕಗಳ ಕಾಲ ಏರೋಬಿಕ್ ಸುತ್ತಲೇ ಬೆಳೆಯಿತು. ಬಲದ ವ್ಯಾಯಾಮವನ್ನು ಪೈಲ್ವಾನರಿಗೆ, ಸಿನಿಮಾ ನಾಯಕರಿಗೆ ಬಿಟ್ಟುಕೊಟ್ಟೆವು.

ಈಗ ಪುರಾವೆ ಸಾಕಷ್ಟಿದೆ. ಜಪಾನಿನ ಸಂಶೋಧಕರು 2022ರಲ್ಲಿ ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಬಲದ ವ್ಯಾಯಾಮ ಮಾಡುವವರಲ್ಲಿ ಸಾವು, ಹೃದ್ರೋಗ, ಕ್ಯಾನ್ಸರ್, ಸಕ್ಕರೆ ಕಾಯಿಲೆಗಳ ಅಪಾಯ ಶೇ 10ರಿಂದ 17ರಷ್ಟು ಕಡಿಮೆ ಇತ್ತು. ಸಾವು, ಹೃದ್ರೋಗ, ಕ್ಯಾನ್ಸರ್‌ಗಳ ಮಟ್ಟಿಗೆ ವಾರಕ್ಕೆ 30ರಿಂದ 60 ನಿಮಿಷದಲ್ಲೇ ಅತಿ ಹೆಚ್ಚಿನ ಲಾಭ ಕಂಡುಬಂತು. ಗಂಟೆಗಟ್ಟಲೆ ಬೇಕಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯೂ ಪಾಲುಗೊಂಡಿರುವ, 17 ದೇಶಗಳ ‘ಪ್ಯೂರ್’ ಅಧ್ಯಯನ 2015ರಲ್ಲಿ ಇನ್ನೊಂದು ಸಂಗತಿ ತಿಳಿಸಿತು. ಸುಮಾರು 1 ಲಕ್ಷ 40 ಸಾವಿರ ಜನರಲ್ಲಿ ಕೈಹಿಡಿತದ ಬಲ 5 ಕಿಲೋ ಕಡಿಮೆಯಾದಂತೆಲ್ಲ ಸಾವಿನ ಅಪಾಯ ಶೇ 16ರಷ್ಟು ಏರುತ್ತಿತ್ತು. ಮುಂದೆ ಯಾರಿಗೆ ಅಪಾಯ ಎಂದು ತಿಳಿಸುವುದರಲ್ಲಿ ಅದು ಬಿಪಿಗಿಂತಲೂ ಗಟ್ಟಿ ಸೂಚಕವಾಗಿತ್ತು.

ಭಾರತೀಯರಿಗೆ ಇದು ಇನ್ನಷ್ಟು ಮುಖ್ಯ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ತಮ್ಮಿಬ್ಬರ ದೇಹವನ್ನೇ ಅಳೆದು 2004ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದರು. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಒಂದೇ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9, ಯಾಜ್ಞಿಕ್ ಮೈಯಲ್ಲಿ ಶೇ 21. ಹೊರಗೆ ಸಣಕಲು, ಒಳಗೆ ಕೊಬ್ಬು: ನಮ್ಮಲ್ಲಿ ಬಹಳ ಜನರ ಮೈಕಟ್ಟು ಇದೇ. ಊಟ ಮಾಡಿದ ಮೇಲೆ ರಕ್ತಕ್ಕೆ ಸೇರುವ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ಹೀರಿಕೊಳ್ಳುವುದು ಸ್ನಾಯು. ಸ್ನಾಯುವೇ ಕಡಿಮೆಯಿದ್ದರೆ ಮುದ್ದೆ, ಅನ್ನದ ಸಕ್ಕರೆಗೆ ಹೋಗಲು ಜಾಗವೇ ಕಡಿಮೆ. “ನಾನು ದಪ್ಪ ಇಲ್ಲ, ನನಗೇಕೆ ಶುಗರ್ ಬಂತು?” ಎಂದು ಕೇಳುವವರಿಗೆ ಸಿಗುವ ಉತ್ತರಗಳಲ್ಲಿ ಇದೂ ಒಂದು.

ವಯಸ್ಸಾಯಿತು, ಇನ್ನೇನು ಮಾಡುವುದು ಎನ್ನುವವರಿಗೂ ಉತ್ತರವಿದೆ. 1990ರಲ್ಲಿ ಬಾಸ್ಟನ್ನಿನ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಡಾ. ಮರಿಯಾ ಫಿಯಾಟರೋನ್ ತಂಡ 90ರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿತು. ಪೂರ್ತಿಗೊಳಿಸಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಶೇ 174ರಷ್ಟು ಏರಿತು. ತೊಂಬತ್ತಕ್ಕೂ ತಡವಾಗಿಲ್ಲ ಎಂದರೆ ಅರವತ್ತಕ್ಕೆ ಖಂಡಿತ ತಡವಾಗಿಲ್ಲ.

ಮನೆಗೆಲಸ, ಹೊಲದ ಕೆಲಸ ಸಾಲದೇ?

ನಮ್ಮಲ್ಲಿ ಯಾವಾಗಲೂ ಏಳುವ ಪ್ರಶ್ನೆ ಇದು. ಬೀಸುಕಲ್ಲು, ಒರಳು, ಬಾವಿಯ ರಾಟೆ, ತಲೆ ಮೇಲಿನ ಸೌದೆ ಹೊರೆ ಇದ್ದ ಕಾಲದಲ್ಲಿ ತೋಳಿಗೂ ಬೆನ್ನಿಗೂ ಬೇರೆ ವ್ಯಾಯಾಮ ಬೇಕಿರಲಿಲ್ಲ. ಆ ದುಡಿತ ಹೋದದ್ದು ಒಳ್ಳೆಯದೇ. ಅದು ಮರಳಿ ಬರಲಿ ಎಂದು ಯಾವ ಹೆಂಗಸೂ ಬಯಸಳು. ಆದರೆ ಅದು ಹೋದ ಜಾಗದಲ್ಲಿ ಏನೂ ಬಂದಿಲ್ಲ. ಮಿಕ್ಸಿ, ಮೋಟರು, ಗ್ಯಾಸು, ಬೈಕು, ಟ್ರ್ಯಾಕ್ಟರು ಹಳ್ಳಿಗೂ ಬಂದ ಮೇಲೆ ಹಳ್ಳಿಯವರೆಲ್ಲ ಗಟ್ಟಿಮುಟ್ಟು ಎಂಬ ನಂಬಿಕೆಯನ್ನು ಮತ್ತೆ ಪರೀಕ್ಷಿಸಬೇಕಾಗಿದೆ. ಇಂಡಿಯಾಬ್ ಅಧ್ಯಯನದಲ್ಲೇ ಹಳ್ಳಿಗರಲ್ಲಿ ಶೇ 50 ಮಂದಿ ನಿಷ್ಕ್ರಿಯರಾಗಿದ್ದರು.

ಮೂಟೆ ಹೊರುವ ಹಮಾಲಿ, ಕಟ್ಟಡದ ಮೇಲೆ ಇಟ್ಟಿಗೆ ಸಾಗಿಸುವ ಕೂಲಿ ಸಮೀಕ್ಷೆಯಲ್ಲಿ ಬಹಳ ಚಟುವಟಿಕೆಯವರೆಂದೇ ದಾಖಲಾಗುತ್ತಾರೆ. ಆದರೆ ಕೋಪನ್‌ಹೇಗನ್‌ನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಗಮನಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಿಡುವಿನ ವ್ಯಾಯಾಮ ಹೃದಯವನ್ನು ಕಾಪಾಡಿದರೆ, ಕೆಲಸದ ಭಾರೀ ಶ್ರಮ ಹೆಚ್ಚಿನ ಅಪಾಯದ ಜೊತೆ ಕಂಡುಬಂತು. ವ್ಯಾಯಾಮದಲ್ಲಿ ಶ್ರಮದ ನಂತರ ವಿಶ್ರಾಂತಿ ಇರುತ್ತದೆ, ನಿಲ್ಲಿಸುವ ಸ್ವಾತಂತ್ರ್ಯ ಇರುತ್ತದೆ. ಕೂಲಿಯಲ್ಲಿ ಎಂಟು ಹತ್ತು ಗಂಟೆ ಒಂದೇ ಕಡೆಯ ಭಾರ, ಬಿಸಿಲು, ಅರೆಹೊಟ್ಟೆ. ಇವರಿಗೆ ಬೇಕಾದದ್ದು ವ್ಯಾಯಾಮದ ಉಪದೇಶವಲ್ಲ. ಭಾರದ ಮಿತಿ, ವಿರಾಮ, ಸರಿಯಾದ ಕೂಲಿ.

ಹೆಂಗಸರಿಗೆ ಸಮಯ ಎಲ್ಲಿದೆ?

2022ರ ಅಂದಾಜಿನಲ್ಲಿ ಭಾರತದ ಹೆಂಗಸರಲ್ಲಿ ಶೇ 57 ಮಂದಿಗೆ ಚಟುವಟಿಕೆ ಸಾಲದು, ಗಂಡಸರಲ್ಲಿ ಶೇ 42. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯನ್ನು ಇದರ ಜೊತೆ ಓದಬೇಕು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸು ದಿನಕ್ಕೆ 289 ನಿಮಿಷ ಕಳೆದರೆ ಗಂಡಸು 88 ನಿಮಿಷ. ಐದು ಗಂಟೆಗೆ ಹತ್ತಿರದಷ್ಟು ನಿಂತು, ಬಗ್ಗಿ ದುಡಿದರೂ ಆ ಕೆಲಸದ ಬಹುಪಾಲು ಉಸಿರು ಏರಿಸುವಷ್ಟು ಬಿರುಸಿನದಲ್ಲ, ಸ್ನಾಯು ಬೆಳೆಸುವಷ್ಟು ಭಾರದ್ದೂ ಅಲ್ಲ. ದಣಿವು ಪೂರ್ತಿ, ಲಾಭ ಅರೆಬರೆ. ಬೆಳಗ್ಗೆ ಆರಕ್ಕೆ ವಾಕಿಂಗ್ ಶೂ ಹಾಕಿಕೊಂಡು ಗಂಡ ಹೊರಟರೆ ಡಬ್ಬಿ ಕಟ್ಟುವ ಕೆಲಸ ಹೆಂಡತಿಗೆ. ಮನೆಗೆಲಸ ಹಂಚಿಕೊಳ್ಳದೆ ಹೆಂಗಸರಿಗೆ “ವಾಕಿಂಗ್ ಹೋಗು” ಎನ್ನುವುದು ಅನ್ಯಾಯ.

ಮುಟ್ಟು ನಿಂತ ಮೇಲೆ ಮೂಳೆ ಸವೆಯುವುದೂ ಸ್ನಾಯು ಕರಗುವುದೂ ಹೆಚ್ಚುತ್ತದೆ. ಬಲದ ವ್ಯಾಯಾಮದ ಅಗತ್ಯ ಅವರಿಗೇ ಹೆಚ್ಚು. ಅವಕಾಶ ಅವರಿಗೇ ಕಡಿಮೆ.

ಗರಡಿ, ಪಾರ್ಕು, ಶಾಲೆ

ಬಲದ ವ್ಯಾಯಾಮ ಕನ್ನಡ ನಾಡಿಗೆ ಹೊಸತಲ್ಲ. ಮೈಸೂರಿನ ಗರಡಿಗಳಲ್ಲಿ ದಂಡ, ಬಸ್ಕಿ, ಗದೆ ತಿರುಗಿಸುವುದು, ಮಟ್ಟಿಯಲ್ಲಿ ಸಾಮು ಮಾಡುವುದು ಇಂದಿಗೂ ಇದೆ. ದಸರೆಯ ಕುಸ್ತಿಗೆ ಇಂದಿಗೂ ಜನ ಸೇರುತ್ತಾರೆ. ಗರಡಿ ಹೆಂಗಸರಿಗೆ ಬಾಗಿಲು ತೆರೆದದ್ದು ಅಪರೂಪ, ವಯಸ್ಸಾದವರಿಗೆ ಅದು ವೇದಿಕೆಯಾಗಲಿಲ್ಲ. ಶಾಲೆಗಳಲ್ಲಂತೂ ಬಸ್ಕಿ ತಪ್ಪು ಮಾಡಿದ ಮಕ್ಕಳಿಗೆ ಶಿಕ್ಷೆಯಾಯಿತು. ಕಾಲಿನ ಬಲಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಯಾಮ ಹುಡುಕುವುದು ಕಷ್ಟ. ಅದನ್ನು ಅವಮಾನದ ಜೊತೆ ಗಂಟುಹಾಕಿ ಕಲಿಸಿದ್ದೇವೆ.

ನಗರದ ಪಾರ್ಕುಗಳಲ್ಲಿ ಈಗ ಓಪನ್ ಜಿಮ್ ಬಂದಿವೆ. ಹತ್ತಿರದಿಂದ ನೋಡಿ: ಹಿರಿಯರು ಹೆಚ್ಚಾಗಿ ಬಳಸುವುದು ಎರಡು ಕಾಲಿಟ್ಟು ಹಿಂದೆ ಮುಂದೆ ತೂಗುವ ಉಪಕರಣ, ಸೊಂಟ ತಿರುಗಿಸುವ ತಟ್ಟೆ. ಇವು ಕೀಲನ್ನು ಸಡಿಲಿಸುತ್ತವೆ, ಸ್ನಾಯುವಿನ ಮೇಲೆ ಭಾರ ಹಾಕುವುದಿಲ್ಲ. ಕೂತು ಎಳೆಯುವ, ತಳ್ಳುವ ಉಪಕರಣಗಳಲ್ಲಿ ಭಾರ ನಮ್ಮ ಮೈತೂಕದ್ದೇ. ಹೆಚ್ಚು ಕಡಿಮೆ ಮಾಡಲು ಬಹುತೇಕ ಆಗುವುದಿಲ್ಲ. ಕೆಲವರಿಗೆ ಮೊದಲ ದಿನವೇ ಎಳೆಯಲಾಗದು, ಕೆಲವರಿಗೆ ತಿಂಗಳಲ್ಲೇ ಸಲೀಸಾಗುತ್ತದೆ. ಬಲ ಬೆಳೆಯುವುದು ಭಾರ ಸ್ವಲ್ಪ ಸ್ವಲ್ಪವೇ ಹೆಚ್ಚಿದಾಗ. ಉಪಕರಣಕ್ಕೆ ಹಣ ಖರ್ಚು ಮಾಡಿದವರು ಹೇಳಿಕೊಡುವವರಿಗೆ ಖರ್ಚು ಮಾಡಿಲ್ಲ. ಬೆಂಗಳೂರಿನ ಪಾಲಿಕೆ ಉದ್ಯಾನಗಳನ್ನು ಮಧ್ಯಾಹ್ನ ಮುಚ್ಚುವ ಪದ್ಧತಿ ಬಿಟ್ಟು ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡುವ ನಿರ್ಧಾರ 2024ರಲ್ಲಿ ಆದದ್ದು ಒಳ್ಳೆಯ ಹೆಜ್ಜೆ. ಪಾಳಿಯಲ್ಲಿ ದುಡಿಯುವವರಿಗೆ ಪಾರ್ಕು ದಕ್ಕುವುದು ಹಾಗೆಯೇ.

ಆಗಬೇಕಾದ್ದು

ಸರ್ಕಾರದಿಂದ ಮೂರು ಕೆಲಸ ಆಗಬೇಕು. ಮೊದಲನೆಯದು, ಮುಂದಿನ ಪ್ರತಿ ಆರೋಗ್ಯ ಸಮೀಕ್ಷೆಯಲ್ಲಿ ಬಲದ ವ್ಯಾಯಾಮದ ಬಗ್ಗೆ ಒಂದು ಪ್ರಶ್ನೆ ಸೇರಲಿ. ಎರಡನೆಯದು, ರಾಜ್ಯದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆಬಾಗಿಲಿಗೆ ಬಂದು ಬಿಪಿ, ಶುಗರ್ ನೋಡುವವರು ಕುರ್ಚಿ ಪರೀಕ್ಷೆಯನ್ನೂ ಮಾಡಲಿ. ಅದಕ್ಕೆ ಕುರ್ಚಿ, ಗಡಿಯಾರ ಸಾಕು: ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿ 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಲಾಗುತ್ತದೆ ಎಂದು ಎಣಿಸುವುದು. 60ರಿಂದ 64ರ ಗಂಡಸರು 14ಕ್ಕಿಂತ, ಹೆಂಗಸರು 12ಕ್ಕಿಂತ ಕಡಿಮೆ ಬಾರಿ ಎದ್ದರೆ ಬೀಳುವ ಅಪಾಯ ಹೆಚ್ಚು ಎಂಬುದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಅಳತೆ. ಮೂರನೆಯದು, ಪಾರ್ಕಿನ ಓಪನ್ ಜಿಮ್‌ಗೆ ವಾರದಲ್ಲಿ ಎರಡು ದಿನವಾದರೂ ತರಬೇತುದಾರರು ಬರಲಿ. ಹೆಂಗಸರಿಗೆ ಅನುಕೂಲವಾದ ಹೊತ್ತು ಮೀಸಲಿರಲಿ.

ಓದುಗರೇ, ಸರ್ಕಾರಕ್ಕಾಗಿ ಕಾಯಬೇಡಿ. ವಾಕಿಂಗ್ ಮಾಡುತ್ತಿದ್ದರೆ ಮುಂದುವರಿಸಿ. ಮಾಡದಿದ್ದರೆ ಹತ್ತು ನಿಮಿಷದಿಂದ ಶುರುಮಾಡಿ. ಅದರ ಜೊತೆ ವಾರದಲ್ಲಿ ಎರಡು ದಿನ, ಇಪ್ಪತ್ತು ನಿಮಿಷ, ಮನೆಯಲ್ಲೇ ಇಷ್ಟು ಮಾಡಿ: ಕುರ್ಚಿಯಿಂದ ಏಳುವ ಬಸ್ಕಿ, ಗೋಡೆಗೆ ಕೈಯೂರಿ ದಂಡ, ಹಿಮ್ಮಡಿ ಎತ್ತುವುದು, ಮಲಗಿ ಸೊಂಟ ಎತ್ತುವುದು, 5 ಕಿಲೋ ಅಕ್ಕಿ ಚೀಲವನ್ನು ಬಗ್ಗಿ ಎದೆಯತ್ತ ಎಳೆಯುವುದು. ಪ್ರತಿಯೊಂದನ್ನೂ ಕೊನೆಯ ಎರಡು ಮೂರು ಸಲ ಕಷ್ಟವೆನಿಸುವವರೆಗೆ ಮಾಡಿ, ಸಲೀಸಾದಾಗ ಭಾರ ಹೆಚ್ಚಿಸಿ. ಉಸಿರು ಬಿಗಿಹಿಡಿಯಬೇಡಿ. ಹೃದಯದ ತೊಂದರೆ, ಹತೋಟಿಗೆ ಬಾರದ ಬಿಪಿ ಇದ್ದವರು ವೈದ್ಯರನ್ನು ಕೇಳಿ ಶುರುಮಾಡಿ. ಮನೆಯಲ್ಲಿ ಅಮ್ಮ, ಅತ್ತೆ, ಅಜ್ಜಿ ಇದ್ದರೆ ಅವರನ್ನೂ ಜೊತೆಗೆ ನಿಲ್ಲಿಸಿಕೊಳ್ಳಿ, ಆ ಇಪ್ಪತ್ತು ನಿಮಿಷ ಅಡುಗೆಮನೆಯ ಕೆಲಸವನ್ನು ಗಂಡಸರು ನೋಡಿಕೊಳ್ಳಲಿ. ಮುಪ್ಪಿನಲ್ಲಿ ಇನ್ನೊಬ್ಬರ ಕೈ ಹಿಡಿಯದೆ ಎದ್ದು ನಿಲ್ಲುವ ಶಕ್ತಿಯನ್ನು ಮಾತ್ರೆ ಕೊಡಲಾರದು. ಅದನ್ನು ಈಗಿನಿಂದಲೇ ನಾವೇ ಗಳಿಸಿಕೊಳ್ಳಬೇಕು.